ಪರದೇಶದ ಪೆಟ್ಟಿಗೆಯಲ್ಲಿ ಕೌದಿಗೆ ಜಾಗ ಐತೇನು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳೆಲ್ಲ ಒಂದೇ ಓಣಿಯಿಂದ ಬಂದಂತಿವೆ. ಮಗಳು ಮೆಲ್ಬರ್ನ್‌ಗೆ, ಮಗ ಜರ್ಮನಿಗೆ, ಸೊಸೆ ಟೊರಾಂಟೊಗೆ. ಲ್ಯಾಪ್‌ಟಾಪು, ಅಂಕಪಟ್ಟಿ, ಸ್ವೆಟರಿನ ಬಗ್ಗೆ ಯಾರೂ ಕೇಳಿಲ್ಲ. ಎಲ್ಲರ ಪ್ರಶ್ನೆಯೂ ಮನೆತನದ ಸಾಮಾನಿನದು. ಉತ್ತರಕ್ಕೆ ಮೊದಲು ಒಂದು ಮಾತು: ಕಸ್ಟಮ್ಸ್ ನಿಯಮ ಆಗಾಗ ಬದಲಾಗುತ್ತವೆ. ಹೊರಡುವ ವಾರ ಆ ದೇಶದ ಸರ್ಕಾರದ ಪುಟವನ್ನೇ ತೆರೆದು ನೋಡಿ. ವಾಟ್ಸ್ಯಾಪಿನಲ್ಲಿ ಬಂದ ಪಟ್ಟಿ ನಂಬಬೇಡಿ.

ಪ್ರಶ್ನೆ: ಮಗಳು ಮದುವಿಯಾಗಿ ಮೆಲ್ಬರ್ನ್‌ಗೆ ಹೊಂಟಾಳ. ನಮ್ಮತ್ತಿಯವರ ಎರಡು ಇಳಕಲ್ ಸೀರಿ, ಒಂದು ಕೌದಿ ಕೊಡಬೇಕಂತ ಆಸೆ. ಉಡಿ ತುಂಬಿ ಕಳಸೂದು ನಮ್ಮ ಪದ್ಧತಿ. ಇದೆಲ್ಲಾ ಒಯ್ಯಾಕ ಬರತೈತೇನ್ರಿ?
— ಗೃಹಿಣಿ, ಜಮಖಂಡಿ

ಸೀರೆಗೂ, ಹಳೆ ಬಟ್ಟೆ ಪದರಿಟ್ಟು ಹೊಲಿದ ಕೌದಿಗೂ ಅಡ್ಡಿಯಿಲ್ಲ. ತೊಡಕಿರುವುದು ಉಡಿಯಲ್ಲಿ. ಅದನ್ನೇ ಮೊದಲು ಹೇಳುತ್ತೇವೆ.

ಉಡಿಯಲ್ಲಿ ಏನೇನು ಹಾಕುತ್ತೀರಿ, ನೆನಪಿಸಿಕೊಳ್ಳಿ: ಅಕ್ಕಿ, ಅರಿಷಿಣ ಕೊಂಬು, ಅಡಿಕೆ, ಎಲೆ, ಉತ್ತತ್ತಿ, ಕೊಬ್ಬರಿ ಬಟ್ಟಲು, ಬೆಲ್ಲ, ಖಣ. ಆಸ್ಟ್ರೇಲಿಯಾದ ಜೈವಿಕ ಸುರಕ್ಷತೆಯ ಅಧಿಕಾರಿಗಳು ಹುಡುಕುವುದು ಇವನ್ನೇ. ಕಾಳು ತಿನ್ನುವ ಖಾಪ್ರಾ ಎಂಬ ಹುಳದ ಭಯದಿಂದ ನಮ್ಮ ಕಡೆಯ ಅಕ್ಕಿ, ಜೀರಿಗೆ, ಬೇಳೆಕಾಳು, ಒಣ ಮೆಣಸಿನಕಾಯಿ, ಹಸಿ ಶೇಂಗಾ ಪ್ರಯಾಣಿಕರ ಸಾಮಾನಿನಲ್ಲಿ ಬರುವುದನ್ನು ಅವರು ತಡೆದಿದ್ದಾರೆ. ಹಿಡಿ ಅಕ್ಕಿಯೇ ಆಗಲಿ, ಚೀಲ ಅಕ್ಕಿಯೇ ಆಗಲಿ, ಅವರಿಗೆ ಎರಡೂ ಒಂದೇ. ಇಡೀ ಕೊಬ್ಬರಿ ಬಟ್ಟಲಿನದು ಬೇರೆ ಪಂಚಾಯಿತಿ. ಅದರ ಎಣ್ಣೆ ಬೆಂಕಿ ಹಿಡಿಯಬಹುದೆಂದು ಅದು ನಮ್ಮ ವಿಮಾನ ನಿಲ್ದಾಣದಲ್ಲೇ ನಿಂತುಬಿಡುತ್ತದೆ, ಕೈಚೀಲದಲ್ಲಿದ್ದರೂ ಅಷ್ಟೇ, ದೊಡ್ಡ ಪೆಟ್ಟಿಗೆಯಲ್ಲಿದ್ದರೂ ಅಷ್ಟೇ. ದೇವರ ಸಾಮಾನಿನ ಕರ್ಪೂರಕ್ಕೂ ಇದೇ ಗತಿ.

ಹಾಗೆಂದು ಉಡಿ ಬಿಡಬೇಕಿಲ್ಲ. ಹೊರಡುವ ಹಿಂದಿನ ದಿನ ಸಂಜೆ ಉಡಿ ತುಂಬಿರಿ. ಅಕ್ಕಿ ಬೆಲ್ಲದಿಂದ ಅಂದೇ ರಾತ್ರಿ ಹುಗ್ಗಿ ಮಾಡಿ ಮಗಳಿಗೆ ಉಣ್ಣಿಸಿ. ಪೆಟ್ಟಿಗೆಗೆ ಹೋಗುವುದು ಖಣ, ಕುಂಕುಮದ ಭರಣಿ, ಬಳೆ. ಗುಳೇದಗುಡ್ಡದ ಖಣ ಮಡಚಿದರೆ ಅಂಗೈಯಷ್ಟು. ತೂಕವೆಂದು ಹೇಳುವಂಥದ್ದೇನೂ ಇಲ್ಲ. ನಾಲ್ಕೈದು ಹಾಕಿರಿ, ಅಲ್ಲಿ ಇನ್ನೊಬ್ಬರಿಗೆ ಉಡಿ ತುಂಬುವ ಪ್ರಸಂಗ ಬಂದೇ ಬರುತ್ತದೆ.

ಇನ್ನು ಸೀರೆ. ಇಳಕಲ್ ಸೀರೆಯ ಮೈ ಒಂದು ನೂಲಿನದು, ಸೆರಗು ಇನ್ನೊಂದರದು. ಹಳೆಯವುಗಳಲ್ಲಿ ಸಾಮಾನ್ಯವಾಗಿ ಮೈ ಹತ್ತಿ, ಸೆರಗು ಕೆಂಪು ರೇಷ್ಮೆ. ಎರಡರ ಹಾಸು ಎಳೆಗಳನ್ನು ಒಂದರ ಕುಣಿಕೆಯೊಳಗೆ ಇನ್ನೊಂದು ಸಿಕ್ಕಿಸಿ ನೇಯುತ್ತಾರೆ. ಇದೇ ತೋಪ ತೆನಿ. ಹಳೆ ಸೀರೆ ಮೊದಲು ಸೋಲುವುದು ಈ ಕೂಡುವ ಜಾಗದಲ್ಲಿ, ಆಮೇಲೆ ವರ್ಷಗಟ್ಟಲೆ ಒಂದೇ ಕಡೆ ಮಡಿಕೆ ಬಿದ್ದ ಗೆರೆಯಲ್ಲಿ. ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮಡಿಕೆಯ ಗುಂಟ ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿ ಸಾಲಾಗಿ ಕಂಡರೆ ಆ ಸೀರೆಗೆ ಉಡುವ ಕಾಲ ಮುಗಿದಿದೆ. ಸುತ್ತಿ ಇಡಬಹುದು, ಉಟ್ಟರೆ ಒಂದೇ ದಿನದಲ್ಲಿ ಹರಿಯುತ್ತದೆ. ಎರಡರಲ್ಲಿ ಗಟ್ಟಿಯಾದದ್ದನ್ನು ಮಗಳಿಗೆ ಕೊಡಿ, ಸೋತದ್ದನ್ನು ನೀವೇ ಇಟ್ಟುಕೊಳ್ಳಿ. ಉಡಲಾಗದ ಸೀರೆ ಅಲ್ಲಿ ಕಪಾಟಿನ ತಳ ಸೇರುತ್ತದೆ.

ಕಟ್ಟುವ ಕ್ರಮ ಹೀಗೆ. ಮೊದಲು ಮಡಿಕೆಗಳನ್ನೆಲ್ಲ ಬಿಡಿಸಿ ಝಾಡಿಸಿರಿ. ನಮ್ಮ ಕಡೆ ಸೀರೆಯ ಪದರಿನೊಳಗೆ ಬೇವಿನ ಎಲೆ, ಲವಂಗ ಇಡುವ ರೂಢಿಯುಂಟು. ಒಣಗಿ ಪುಡಿಯಾದ ಆ ಎಲೆ ಒಂದು ಚೂರು ಉಳಿದರೂ ಮೆಲ್ಬರ್ನಿನಲ್ಲಿ ಪೆಟ್ಟಿಗೆ ಪೂರ್ತಿ ಬಿಚ್ಚಬೇಕಾದೀತು. ಡಾಂಬರು ಗುಳಿಗೆಯೂ ಬೇಡ, ಜರಿ ಕಪ್ಪಾಗುತ್ತದೆ, ವಾಸನೆಯೂ ಬೇಗ ಹೋಗುವುದಿಲ್ಲ. ಒಂದು ದಿನ ನೆರಳಿನಲ್ಲಿ ಗಾಳಿಗೆ ಹಾಕಿ, ಸೆರಗು ಒಳಗೆ ಬರುವಂತೆ ದಪ್ಪ ರಟ್ಟಿನ ಕೊಳವೆಗೆ ಸಡಿಲಾಗಿ ಸುತ್ತಿರಿ. ಸೆರಗಿಗೂ ಮೈಗೂ ನಡುವೆ, ಹೊರಗೂ, ತೊಳೆದು ತೊಳೆದು ಮೆತ್ತಗಾದ ಬಿಳಿ ಧೋತರದ ತುಂಡು ಇರಲಿ. ಕೆಂಪು ಬಣ್ಣ ಬಿಡುವುದು ಸೆರಗೇ. ಒಂದು ಹನಿ ತೇವ ಸಾಕು, ಮೈಗೆ ಹತ್ತುತ್ತದೆ. ಪ್ಲಾಸ್ಟಿಕ್ ಚೀಲ ಪ್ರಯಾಣದ ಎರಡು ದಿನಕ್ಕೆ ಮಾತ್ರ. ಅಲ್ಲಿ ಮುಟ್ಟಿದ ಕೂಡಲೇ ತೆಗೆಯಲು ಹೇಳಿ. ಕಸೂತಿ ಇದ್ದರೆ ಯಂತ್ರಕ್ಕೆ ಹಾಕುವಂತೆಯೇ ಇಲ್ಲ. ಕಸೂತಿಯ ದಾರಕ್ಕೆ ಗಂಟು ಹಾಕಿರುವುದಿಲ್ಲ, ತುದಿ ಸಡಿಲಾದರೆ ಹೊಲಿದ ಇಡೀ ಗೋಪುರದ ಚಿತ್ತಾರ ಬಿಚ್ಚಿಕೊಳ್ಳುತ್ತದೆ. ಒಂಬತ್ತು ಗಜದ್ದಾದರೆ ಕಚ್ಚೆ ಹಾಕಿ ಉಡುವುದನ್ನು ವಿಡಿಯೊ ಮಾಡಿ, ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ. ಹಿಂದಿನದನ್ನು ಎಲ್ಲರೂ ಮರೆಯುತ್ತಾರೆ, ಗೊತ್ತಾಗಬೇಕಾದದ್ದು ಅದೇ.

ಕೌದಿಗೆ ಬರೋಣ. ದೊಡ್ಡವರ ಕೌದಿ ಪದರಿನ ಮೇಲೆ 2ರಿಂದ 4 ಕೆಜಿ ತೂಗುತ್ತದೆ. ಗಾಳಿ ಹೀರುವ ಚೀಲಕ್ಕೆ ಹಾಕಿದರೆ ಗಾತ್ರ ಅರ್ಧವಾಗುತ್ತದೆ, ತೂಕ ಒಂದು ಗ್ರಾಂ ಕೂಡ ಇಳಿಯುವುದಿಲ್ಲ. ಖಾಲಿ ಕಂಡ ಜಾಗಕ್ಕೆ ಮತ್ತೇನೋ ತುರುಕಿ ಕೌಂಟರಿನಲ್ಲಿ ಹೆಚ್ಚಿನ ತೂಕಕ್ಕೆ ದುಡ್ಡು ಕಟ್ಟುವುದು ಹೀಗೇ. ಒಗೆದ ಮೇಲೆ ಎರಡೂ ಮಗ್ಗುಲು ತಿರುವಿ ಎರಡು ಮೂರು ದಿನ ಬಿಸಿಲಿಗೆ ಹಾಕಿ. ಮೇಲೆ ಒಣಗಿದರೂ ನಡುವಿನ ಪದರು ಹಸಿ ಇರುತ್ತದೆ, ಚೀಲದೊಳಗೆ ಮುಗ್ಗಲು ವಾಸನೆ ಹುಟ್ಟುವುದು ಅಲ್ಲಿಂದಲೇ. ಹೊಲದಲ್ಲಿ, ಬಣವೆಯ ಮೇಲೆ ಒಣಹಾಕಬೇಡಿ. ಹೊಲಿಗೆಯ ಸಾಲಿನಲ್ಲಿ ಹುಲ್ಲಿನ ಮುಳ್ಳು, ಕಣಕಿಯ ಚೂರು ಸಿಕ್ಕಿಕೊಳ್ಳುತ್ತವೆ. ಅಲ್ಲಿನ ಮನೆಯ ಯಂತ್ರದಲ್ಲಿ ಒಗೆಯುವುದೂ ಬೇಡ. ನೀರು ಕುಡಿದ ಕೌದಿಯ ಭಾರಕ್ಕೆ ಹಳೆ ದಾರ ಪಟಪಟ ಹರಿಯುತ್ತದೆ. ಬಾತ್‌ಟಬ್ಬಿನಲ್ಲಿ ನೆನೆಸಿ ಕಾಲಿನಿಂದ ತುಳಿಯುವುದೇ ಸರಿ.

ತೂಕಕ್ಕೆ ಜಾಗವಿಲ್ಲವೆಂದಾದರೆ ನಮ್ಮ ಸಲಹೆ ಬೇರೆ. ನಿಮ್ಮಲ್ಲೇ ಇಟ್ಟುಕೊಂಡ ಆ ಸೋತ ಸೀರೆಯ ಮೈಯಿಂದ ಮೂರು ಅಡಿಗೆ ನಾಲ್ಕು ಅಡಿಯ ಕೂಸಿನ ಕೌದಿ ಹೊಲಿಸಿ. ಹತ್ತಿ ಮೈ ಸೆರಗಿಗಿಂತ ಹೆಚ್ಚು ಬಾಳುತ್ತದೆ. ಒಂದು ಕೆಜಿಯೊಳಗೆ ಆಗುತ್ತದೆ, ಸೋಫಾದ ಮೇಲೂ ಹಾಸಬಹುದು.

ಕೊನೆಗೆ, ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ತಿನ್ನುವ, ಕಟ್ಟಿಗೆಯ, ಗಿಡದ ಸಾಮಾನು ಇದೆಯೇ ಎಂದು ಕೇಳುತ್ತಾರೆ. ಅನುಮಾನವಿದ್ದರೆ "ಹೌದು" ಎಂದೇ ಬರೆಯಲಿ. ಹೌದೆಂದು ಬರೆದವರ ವಸ್ತುವನ್ನು ನೋಡಿ ಬಿಡುತ್ತಾರೆ, ಇಲ್ಲವೇ ತೆಗೆದುಕೊಳ್ಳುತ್ತಾರೆ. ಇಲ್ಲವೆಂದು ಬರೆದು ಸಿಕ್ಕರೆ ಸ್ಥಳದಲ್ಲೇ ದಂಡ. ವೀಸಾ ರದ್ದು ಮಾಡುವ ಅಧಿಕಾರವೂ ಅವರಿಗಿದೆ.

ಪ್ರಶ್ನೆ: ಇಷ್ಟಲಿಂಗ ಕೊರಳಲ್ಲಿ ಇರುತ್ತದೆ. ತಪಾಸಣೆಯಲ್ಲಿ ತೆಗೆದು ಟ್ರೇನಲ್ಲಿ ಇಡಲೇಬೇಕೇ? ವಿಭೂತಿ ಎಷ್ಟು ಒಯ್ಯಬಹುದು?
— ವಿದ್ಯಾರ್ಥಿ, ಬೈಲಹೊಂಗಲ

ಲಿಂಗವಿಡುವ ಬೆಳ್ಳಿಯ ಕರಡಿಗೆಗೆ ಯಂತ್ರ ಕೂಗುತ್ತದೆ. ಕೂಗಿದ ಮೇಲೆ ವಿವರಿಸುವುದಕ್ಕಿಂತ, ಬಾಗಿಲು ದಾಟುವ ಮೊದಲೇ ಇದು ಧಾರ್ಮಿಕ ವಸ್ತು, ಬೇರೆಯಾಗಿ ತಪಾಸಣೆ ಮಾಡಿ ಎಂದು ಹೇಳಿ. ಮರೆಯ ಕೋಣೆಯಲ್ಲಿ ಪರೀಕ್ಷಿಸಲು ಕೇಳಬಹುದು. ಕರಡಿಗೆ ತೆರೆಯಬೇಕಾಗಿ ಬಂದರೆ ನಾನೇ ತೆರೆದು ತೋರಿಸುತ್ತೇನೆ ಎನ್ನಿ. ಈ ಎರಡು ವಾಕ್ಯ ಇಂಗ್ಲಿಷಿನಲ್ಲಿ ಬಾಯಿಪಾಠ ಇರಲಿ. ಪೆಟ್ಟಿಗೆಗೆ ಮಾತ್ರ ಹಾಕಬೇಡಿ. ಎತ್ತಿ ಒಗೆಯುವ ಪೆಟ್ಟಿಗೆಯಲ್ಲಿ ಲಿಂಗದ ಮೇಲಿನ ಕಪ್ಪು ಲೇಪ, ಅಂದರೆ ಕಂತಿ, ಒಡೆಯಬಹುದು. ಶಿವದಾರ ಎರಡು ಹೆಚ್ಚಿಗೆ ಒಯ್ಯಿರಿ, ಅಲ್ಲಿ ಸಿಗುವುದಿಲ್ಲ.

ವಿಭೂತಿ ಪುಡಿಯಾಗಿ ಬೇಡ, ಗಟ್ಟಿಯಾಗಿ ಇರಲಿ. ಹೆಸರಿಲ್ಲದ ಪೊಟ್ಟಣದಲ್ಲಿ ಬಿಳಿ ಪುಡಿ ಕಂಡರೆ ಯಾವ ದೇಶದ ಅಧಿಕಾರಿಯೂ ಸುಮ್ಮನೆ ಬಿಡುವುದಿಲ್ಲ. ಅಂಗಡಿಯ ಮುದ್ರಿತ ಪೊಟ್ಟಣ ಒಡೆಯದೆ ಪೆಟ್ಟಿಗೆಗೆ ಹಾಕಿ, ಕೇಳಿದರೆ ಹೇಳಿ. ವಿಭೂತಿ ಸುಡಲೆಂದು, ಹೋಮಕ್ಕೆಂದು ಕುಳ್ಳು (ಬೆರಣಿ) ಒಯ್ಯುವ ಯೋಚನೆ ಇದ್ದರೆ ಬಿಡಿ. ದನದ ಕಾಲುಬಾಯಿ ರೋಗದ ಕಾರಣಕ್ಕೆ ಅಮೆರಿಕದಲ್ಲಿ ಅದು ಪೂರ್ತಿ ನಿಷಿದ್ಧ.

ಪ್ರಶ್ನೆ: ನಮ್ಮ ಮನೆಯಲ್ಲಿ ತಾತನ ಕಾಲದ ತಾಡೋಲೆ ಕಟ್ಟು, ಹಿತ್ತಾಳೆಯ ಬಸವಣ್ಣ, ಪೂಜೆಗೆ ಕೂರುವ ಜಿಂಕೆ ಚರ್ಮ ಇವೆ. ಅಮೆರಿಕದಲ್ಲಿ ನೆಲೆಸಿದ ಮಗ ಇವು ನನಗೆ ಬೇಕು ಅನ್ನುತ್ತಿದ್ದಾನೆ.
— ನಿವೃತ್ತ ಶಿಕ್ಷಕರು, ವಿಜಯಪುರ

ಮೂರಕ್ಕೂ ಮೂರು ಬೇರೆ ಉತ್ತರ. ಜಿಂಕೆ ಚರ್ಮ ಒಯ್ಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಳಪಟ್ಟದ್ದು. ಹುಲಿಯುಗುರಿನ ಪದಕಕ್ಕೂ ಅದೇ ಕಾಯ್ದೆ. ನವಿಲುಗರಿಯನ್ನೂ ದೇಶದ ಹೊರಗೆ ಒಯ್ಯುವಂತಿಲ್ಲ. ಪೂಜೆಗೆ ಕೂರಲು ಕರಿ ಕಂಬಳಿಯ ತುಂಡು ಕೊಟ್ಟರಾಯಿತು, ಒಗೆದು ಕಸ ತೆಗೆದಿರಬೇಕು ಅಷ್ಟೆ.

ತಾಡೋಲೆಯ ವಿಷಯದಲ್ಲಿ ಬಹಳ ಜನ ತಿಳಿಯದೆ ತಪ್ಪು ಮಾಡುತ್ತಾರೆ. 1972ರದೇ ಇನ್ನೊಂದು ಕಾಯ್ದೆ ಇದೆ, ಪುರಾತನ ವಸ್ತುಗಳದು. ಮೂರ್ತಿ, ನಾಣ್ಯ, ಚಿತ್ರ ಮುಂತಾದವು 100 ವರ್ಷ ದಾಟಿದ್ದರೆ, ಇತಿಹಾಸ, ಸಾಹಿತ್ಯದ ಮಹತ್ವವಿರುವ ಹಸ್ತಪ್ರತಿ 75 ವರ್ಷ ದಾಟಿದ್ದರೆ, ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಒಯ್ಯುವಂತೆಯೇ ಇಲ್ಲ. ನಮ್ಮ ಮನೆಯದು, ನಮ್ಮ ತಾತ ಬರೆದದ್ದು ಎಂಬ ಮಾತು ಅಲ್ಲಿ ನಡೆಯದು. ಶಿಕ್ಷೆ ಆರು ತಿಂಗಳಿಗೆ ಕಡಿಮೆಯಿಲ್ಲ, ಮೂರು ವರ್ಷದವರೆಗೆ ಇದೆ, ಮೇಲೆ ದಂಡ.

ಹಾಗಾಗಿ ಕಟ್ಟು ಊರಲ್ಲೇ ಇರಲಿ, ಮಗನಿಗೆ ಅದರ ಚಿತ್ರ ಹೋಗಲಿ. ದಾರ ಬಿಗಿದಿದ್ದರೆ ಎಳೆಯಬೇಡಿ, ಕತ್ತರಿಸಿ. ಎಳೆದರೆ ರಂಧ್ರದ ಸುತ್ತ ಗರಿ ಸೀಳುತ್ತದೆ. ಬಿಚ್ಚುವ ಮೊದಲು ಕಟ್ಟಿನ ನಾಲ್ಕೂ ಬದಿಯ ಫೋಟೊ ತೆಗೆದರೆ ಅನುಕ್ರಮ ತಪ್ಪುವುದಿಲ್ಲ. ಕೊಬ್ಬರಿ ಎಣ್ಣೆ ಸವರಿದರೆ ಅಕ್ಷರ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದು ಜಿಡ್ಡಾಗಿ ಧೂಳು ಹಿಡಿಯುತ್ತದೆ. ಬೆಳಗಿನ ಹೊತ್ತು ಪಡಸಾಲೆಯ ನೆರಳಿನಲ್ಲಿ ಕಪ್ಪು ಬಟ್ಟೆಯ ಮೇಲೆ ಗರಿ ಇಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಫ್ಲ್ಯಾಶ್ ಇಲ್ಲದೆ ನೇರ ಮೇಲಿನಿಂದ ಎರಡೂ ಮಗ್ಗುಲು ತೆಗೆಯಿರಿ. ಅಕ್ಷರ ಮಸುಕಾಗಿದ್ದರೆ ಬೆಳಕು ಒಂದು ಬದಿಯಿಂದ ಓರೆಯಾಗಿ ಬೀಳಲಿ, ಕೊರೆದ ಗೆರೆಯ ನೆರಳು ಮೂಡುತ್ತದೆ. ಕಡತದ ಹೆಸರು 001-ಮುಂದೆ, 001-ಹಿಂದೆ ಎಂದಿರಲಿ. ಓದಿಸುವುದಕ್ಕೆ ದೂರ ಹೋಗಬೇಕಿಲ್ಲ. ಮನೆಮನೆ ತಿರುಗಿ ವಚನದ ಕಟ್ಟು ಹುಡುಕಿದ ಫ.ಗು. ಹಳಕಟ್ಟಿಯವರು (1880–1964) ಕೆಲಸ ಮಾಡಿದ್ದು ನಿಮ್ಮ ಊರಲ್ಲೇ. ಅವರ ಹೆಸರಿನ ಸಂಶೋಧನಾ ಕೇಂದ್ರವೂ ಅಲ್ಲೇ ಇದೆ, ಒಮ್ಮೆ ಹೋಗಿ ವಿಚಾರಿಸಿ.

ಹಿತ್ತಾಳೆಯ ಬಸವಣ್ಣನಿಗೆ ನೂರಾಗಿಲ್ಲ ಎಂದು ನಿಮಗೆ ಗೊತ್ತಿರಬಹುದು, ಕಸ್ಟಮ್ಸ್‌ನವರಿಗೆ ಗೊತ್ತಿರುವುದಿಲ್ಲ. ಭಾರತೀಯ ಪುರಾತತ್ವ ಇಲಾಖೆಯಿಂದ "ಇದು ಪುರಾತನ ವಸ್ತುವಲ್ಲ" ಎಂಬ ಪ್ರಮಾಣಪತ್ರ ಪಡೆಯಬೇಕು. ಅದಕ್ಕೆ ಮೂರ್ತಿಯ ಮುಂದಿನ ಹಿಂದಿನ ಫೋಟೊ, ಎತ್ತರ, ತೂಕದ ವಿವರ ಕೊಟ್ಟು, ಮೂರ್ತಿಯನ್ನೂ ತೋರಿಸಬೇಕಾಗುತ್ತದೆ. ಹೊರಡುವ ವಾರದಲ್ಲಿ ಆಗುವ ಕೆಲಸವಲ್ಲ, ಎರಡು ತಿಂಗಳು ಮೊದಲೇ ಶುರುಮಾಡಿ. ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದರೆ ಹೊಸದಾಗಿ ಕಂಡೀತು ಎಂಬ ಉಪಾಯ ಕೆಲವರದು. ಎರಕದ ಶೈಲಿ ನೋಡಿ ಕಾಲ ಹೇಳುವವರಿಗೆ ಆ ಹೊಳಪು ಏನೂ ಅಲ್ಲ.

ಪ್ರಶ್ನೆ: ತವರಿನ ಬೋರಮಳ, ಟೀಕಿ, ಬುಗುಡಿ ಒಯ್ಯುತ್ತಿದ್ದೇನೆ. ಎರಡು ವರ್ಷ ಬಿಟ್ಟು ಮರಳಿ ತರುವಾಗ ಸುಂಕ ಹಾಕುತ್ತಾರಂತೆ, ಹೌದೇ?
— ಓದುಗರು, ಬಾಗಲಕೋಟೆ

ಹಾಕಬಹುದು. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬರುವ ಹೆಣ್ಣುಮಕ್ಕಳಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಆಭರಣದ ಮಿತಿ. ಅದರ ಮೇಲಿನದು ಇಲ್ಲಿಂದಲೇ ಹೋದದ್ದು ಎಂದು ತೋರಿಸುವ ಕಾಗದ ನಿಮ್ಮ ಕೈಯಲ್ಲಿರಬೇಕು. ಅದೇ ಕಸ್ಟಮ್ಸ್‌ನ ರಫ್ತು ಪ್ರಮಾಣಪತ್ರ. ಸರ್ಕಾರದ ಮಾನ್ಯತೆಯ ಮೌಲ್ಯಮಾಪಕರಿಂದ ಪ್ರತಿ ಆಭರಣದ ತೂಕ, ಬೆಲೆ, ಫೋಟೊ ಇರುವ ಪತ್ರ ಮಾಡಿಸಿ, ಹೊರಡುವ ದಿನ ಆಭರಣದ ಜೊತೆ ಕಸ್ಟಮ್ಸ್ ಕಚೇರಿಯಲ್ಲಿ ತೋರಿಸಿ ಮುದ್ರೆ ಹಾಕಿಸಬೇಕು. ಅದಕ್ಕೆ ಎರಡು ತಾಸು ಹೆಚ್ಚಿಗೆ ಇಟ್ಟುಕೊಳ್ಳಿ.

ಎರಡು ಕಡೆ ಎಡವುತ್ತಾರೆ. ಬೋರಮಳದ ಗುಂಡು ಸಾಮಾನ್ಯವಾಗಿ ಪೂರ್ತಿ ಚಿನ್ನವಲ್ಲ. ತೆಳು ತಗಡಿನೊಳಗೆ ಅರಗು ತುಂಬಿರುತ್ತದೆ. ಪತ್ರದಲ್ಲಿ ಒಟ್ಟು ತೂಕ, ಚಿನ್ನದ ತೂಕ ಎರಡನ್ನೂ ಬೇರೆ ಬೇರೆ ಬರೆಸದಿದ್ದರೆ ಮರಳುವಾಗ ಲೆಕ್ಕ ಕೂಡುವುದಿಲ್ಲ. ಪರದೇಶದ ಅಂಗಡಿಯಲ್ಲಿ ಬಿಸಿ ನೀರಿನ ಯಂತ್ರಕ್ಕೆ ಹಾಕಿ ತೊಳೆಯಲೂ ಬಿಡಬೇಡಿ. ಅರಗು ಕರಗಿದರೆ ಗುಂಡು ನುಗ್ಗಾಗುತ್ತದೆ, ಅಲ್ಲಿ ಅದನ್ನು ಮತ್ತೆ ತುಂಬುವ ಪತ್ತಾರ ಸಿಗುವುದಿಲ್ಲ. ಎರಡನೆಯದು, ಬೆಳಗಾವಿಯ ಸಾಂಬ್ರಾದಿಂದ ವಿಮಾನ ಹತ್ತಿದರೆ ಕಸ್ಟಮ್ಸ್ ಇರುವುದು ಮುಂದಿನ ದೊಡ್ಡ ನಿಲ್ದಾಣದಲ್ಲಿ. ಪೆಟ್ಟಿಗೆ ನೇರ ಪರದೇಶಕ್ಕೆ ಹೋಗುವಂತೆ ಕೊಟ್ಟುಬಿಟ್ಟರೆ ನಡುವೆ ತೆಗೆದು ತೋರಿಸಲಾಗದು. ಆಭರಣ ಕೈಚೀಲದಲ್ಲೇ ಇರಬೇಕು.

ಸಾಂಬ್ರಾದ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇವೆ. ಪರದೇಶದ ಟಿಕೆಟಿನಲ್ಲಿ 23 ಕೆಜಿಯ ಎರಡು ಪೆಟ್ಟಿಗೆ ಇದ್ದರೂ, ದೇಶದೊಳಗಿನ ಟಿಕೆಟ್ ಬೇರೆಯಾಗಿ ತೆಗೆಸಿದ್ದರೆ ಅದರಲ್ಲಿ ಸಾಮಾನ್ಯವಾಗಿ 15 ಕೆಜಿ ಮಾತ್ರ. ಎರಡನ್ನೂ ಒಂದೇ ಟಿಕೆಟಿನಲ್ಲಿ ತೆಗೆಸಿ, ಇಲ್ಲವೇ ಬೆಂಗಳೂರಿಗೆ ರೈಲು ಹಿಡಿಯಿರಿ.

ಪ್ರಶ್ನೆ: ಮಗ ಜರ್ಮನಿಗೆ, ಅಳಿಯ ದುಬೈಗೆ. ಕರದಂಟು, ಕುಂದಾ, ಶೇಂಗಾ ಹಿಂಡಿ ಕೊಟ್ಟು ಕಳಿಸಬಹುದೇ?
— ಓದುಗರು, ಗೋಕಾಕ

ಕುಂದಾ ಜರ್ಮನಿಗೆ ಹೋಗುವುದಿಲ್ಲ. ಅದು ಖವೆ, ಹಾಲಿನ ಪದಾರ್ಥ. ನಮ್ಮಂಥ ದೇಶಗಳಿಂದ ಪ್ರಯಾಣಿಕರು ಹಾಲು, ಮಾಂಸದ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ, ಬ್ರಿಟನ್ನಿನಲ್ಲೂ ಹಾಗೇ. ದುಬೈಗೆ ಕರದಂಟು ಕಟ್ಟುವ ಮೊದಲು ಗಸಗಸೆ ಹಾಕಿದ್ದಾರೋ ಇಲ್ಲವೋ ಕೇಳಿ. ಯುಎಇಯಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ, ಸಿಂಗಪುರದಲ್ಲೂ ನಿಷಿದ್ಧ. ಉಂಡೆಗೆ ಉದುರಿಸಿದ ಒಂದು ಚಮಚ ಗಸಗಸೆಗೆ ಅಳಿಯ ಪೊಲೀಸರೆದುರು ನಿಲ್ಲುವುದು ಬೇಡ. ಗಸಗಸೆ ಇಲ್ಲದ ಕರದಂಟು ಬೇರೆಯಾಗಿ ಕಟ್ಟಿಸಿ, ಒಳಗಿರುವುದರ ಪಟ್ಟಿ ಇಂಗ್ಲಿಷಿನಲ್ಲಿ ಬರೆಸಿ.

ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ತೊಂದರೆಯಿಲ್ಲ, ದೊಡ್ಡ ಪೆಟ್ಟಿಗೆಯಲ್ಲಿದ್ದರೆ. ಖಾರದ ಪುಡಿ ಕೈಚೀಲದಲ್ಲಿ ಬಿಡುವುದಿಲ್ಲ. ಕುಟ್ಟಿದ ದಿನವೇ ಕಟ್ಟಬೇಡಿ, ಬಿಸಿಗೆ ಬೆವತು ಮುದ್ದೆಯಾಗುತ್ತದೆ. ಒಂದು ರಾತ್ರಿ ಹರವಿ, 250 ಗ್ರಾಂನ ಪೊಟ್ಟಣ ಮಾಡಿ ಒಂದರೊಳಗೊಂದು ಎರಡು ಚೀಲ ಹಾಕಿ. ಶೇಂಗಾದ ಎಣ್ಣೆ ಒಂದು ಚೀಲದಿಂದ ಜಿನುಗಿಯೇ ತೀರುತ್ತದೆ, ಪಕ್ಕದಲ್ಲಿ ಇಳಕಲ್ ಸೀರೆ ಇದ್ದರೆ ಕತೆ ಮುಗಿಯಿತು.

ಪ್ರಶ್ನೆ: ಸೊಸೆಗೆ ರೊಟ್ಟಿ ಹಂಚು, ಬೀಸುಕಲ್ಲು ಕೊಡಬೇಕೆಂದಿದ್ದೇವೆ. ಟೊರಾಂಟೊದ ಮನೆಯಲ್ಲಿ ಗ್ಯಾಸ್ ಇಲ್ಲವಂತೆ.
— ಓದುಗರು, ಬಾದಾಮಿ

ಬೀಸುಕಲ್ಲು ಬಿಡಿ. ಅದು ಒಂದೇ ಪೆಟ್ಟಿಗೆಯ ಇಡೀ ತೂಕ ತಿನ್ನುತ್ತದೆ. ಕಬ್ಬಿಣದ ಹಂಚು ಕೊಡಿ, ಆದರೆ ಕೊಡುವ ಮೊದಲು ತಳಕ್ಕೆ ಒಂದು ಅಳತೆಪಟ್ಟಿ ಅಡ್ಡ ಹಿಡಿದು ನೋಡಿ. ನಮ್ಮ ಹಂಚಿನ ತಳ ಕೆಳಗೆ ಉಬ್ಬಿರುತ್ತದೆ, ಒಲೆಯ ಉರಿಗೆ ಅದು ಸರಿ. ಗಾಜಿನ ಒಲೆಯ ಮೇಲೆ ನಡು ಮಾತ್ರ ತಾಗಿ, ರೊಟ್ಟಿಯ ನಡು ಸೀದು ಅಂಚು ಹಸಿ ಉಳಿಯುತ್ತದೆ. ತಳ ಸಪಾಟಾದ ಕಬ್ಬಿಣದ್ದೇ ಬೇಕು. ಇಂಡಕ್ಷನ್ ಆದರೆ ಅಯಸ್ಕಾಂತ ಅಂಟಬೇಕು.

ಹಂಚಿಗಿಂತ ದೊಡ್ಡ ತೊಂದರೆ ಹಿಟ್ಟಿನದು. ಅಲ್ಲಿ ಸಿಗುವ ಜೋಳದ ಹಿಟ್ಟು ತಿಂಗಳುಗಟ್ಟಲೆ ಹಳೆಯದಿರಬಹುದು, ಜಿಗಿ ಹೋಗಿರುತ್ತದೆ, ಬಡಿದರೆ ಅಂಚು ಬಿರುಕು ಬಿಡುತ್ತದೆ. ಗೋದಿಯ ಅಂಟು ಜೋಳದಲ್ಲಿ ಇಲ್ಲವಾದ್ದರಿಂದ ಕುದಿಯುವ ನೀರೇ ಅದಕ್ಕೆ ಅಂಟು. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ಕುದಿವ ಎಸರು ಹಾಕಿ, ಮುಚ್ಚಿ ಐದು ನಿಮಿಷ ಬಿಟ್ಟು, ಬಿಸಿಯಿರುವಾಗಲೇ ನಾದಬೇಕು. ಬೇಕೆನಿಸಿದರೆ ಮೇಲೆ ಒಂದೆರಡು ಚಮಚ ಬಿಸಿ ನೀರು. ಕೊನೆಗೆ ಕೆಂಡಕ್ಕೆ ಹಿಡಿಯುವಂತಿಲ್ಲವಾದ್ದರಿಂದ, ನೀರು ಸವರಿದ ಮಗ್ಗುಲು ಒಣಗಿದ ಮೇಲೆ ತಿರುವಿ, ಬಟ್ಟೆಯ ಉಂಡೆಯಿಂದ ಅಂಚು ಒತ್ತುತ್ತ ಬಂದರೆ ಉಬ್ಬುತ್ತದೆ. ಹಂಚಿನ ಮೇಲೆ ಉದುರಿದ ಒಣಹಿಟ್ಟು ಪ್ರತಿ ರೊಟ್ಟಿಗೂ ಒರೆಸಲು ಹೇಳಿ. ಅದು ಸುಟ್ಟ ಹೊಗೆಗೇ ಮನೆಯ ಹೊಗೆಗಂಟೆ ಕೂಗುವುದು.

ಪ್ರಶ್ನೆ: ವಸ್ತು ಏನೂ ಬೇಡ, ಮನೆತನದ ನೆನಪು ಬೇಕು ಅನ್ನುತ್ತಾನೆ ಮೊಮ್ಮಗ. ಏನು ಕೊಡಲಿ?
— ಓದುಗರು, ಅಥಣಿ

ನಿಮ್ಮ ಮನೆತನಕ್ಕೆ ಹೆಳವರು ಬರುತ್ತಿದ್ದರೆ ಈ ಸಲ ಬಂದಾಗ ಅವರನ್ನು ಕೂರಿಸಿ, ದಕ್ಷಿಣೆ ಕೊಟ್ಟು, ಒಪ್ಪಿಗೆ ಕೇಳಿ, ಅವರು ಹೇಳುವ ವಂಶಾವಳಿಯನ್ನು ಫೋನಿನಲ್ಲಿ ಧ್ವನಿಮುದ್ರಿಸಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಹೇಳುವವರ ಬಾಯಿಂದ ಒಂದು ಗೇಣು ದೂರ, ಮಡಚಿದ ಟವಲಿನ ಮೇಲೆ ಇಡಿ. ಫ್ಯಾನ್ ಬಂದ್ ಮಾಡಿ. ಮುಗಿದ ದಿನವೇ ಹೆಸರುಗಳನ್ನು ಕಾಗದಕ್ಕೆ ಇಳಿಸಿ, ಹಳೆ ಊರಿನ ಹೆಸರು ಬಂದಲ್ಲಿ ತಾಲೂಕನ್ನೂ ಬರೆಯಿರಿ. ಒಂದೇ ಹೆಸರಿನ ಹಳ್ಳಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಎಷ್ಟಿವೆಯೋ.

ಗೋಡೆಯ ಮೇಲಿನ ಹಳೆ ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಮುಖವೇ ಗಾಜಿಗೆ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಇಟ್ಟು 600 ಡಿಪಿಐಗೆ ತೆಗೆಸಿ. ಕಡತಕ್ಕೆ ಹೆಸರು ಕೊಡುವಾಗ "ಅಜ್ಜ" ಎಂದಷ್ಟೇ ಬರೆಯಬೇಡಿ. ಮೊಮ್ಮಗನ ಮೊಮ್ಮಗನಿಗೆ ಯಾವ ಅಜ್ಜ ಎಂದು ತಿಳಿಯಬೇಕಲ್ಲ. ಪೂರ್ತಿ ಹೆಸರು, ಊರು, ಗೊತ್ತಿದ್ದರೆ ವರ್ಷ ಹಾಕಿ.